ಮಲ್ಪೆಯ ಉಪ್ಪುನೀರು, ಹಳೆ ಪಿಕಪ್, ಹೊಸ ಆಯಿಲ್ ಪ್ಯಾನ್: ಮೂರು ಮಳೆಗಾಲ ಕಳೆದ ಮೇಲೆ

ನನ್ನದು 2009ರ ಡೀಸೆಲ್ ಪಿಕಪ್. ಮಲ್ಪೆ ಬಂದರಿನಿಂದ ಮೀನು ತುಂಬಿಸಿಕೊಂಡು ಹೆಬ್ರಿ, ಆಗುಂಬೆ ದಾರಿಯಲ್ಲಿ ತೀರ್ಥಹಳ್ಳಿಗೆ ಹೋಗುವ ಗಾಡಿ. 2022ರ ಜೂನ್‌ನಲ್ಲಿ ಇದರ ತುಕ್ಕು ಹಿಡಿದ ಆಯಿಲ್ ಪ್ಯಾನ್ ಬದಲಾಯಿಸಿದೆ. ನಮ್ಮ ಗ್ಯಾರೇಜುಗಳಲ್ಲಿ ಚೇಂಬರ್ ಅನ್ನುತ್ತಾರಲ್ಲ, ಅದೇ, ಇಂಜಿನ್ ಅಡಿಯಲ್ಲಿ ಆಯಿಲ್ ನಿಲ್ಲುವ ತಗಡಿನ ತಟ್ಟೆ. ಹಾಕಿದ್ದು ಅಸಲಿ ಕಂಪನಿ ಪ್ಯಾನ್. ಅಲ್ಲಿಂದ ಈಚೆಗೆ ಮೂರು ಮಳೆಗಾಲ, 52 ಸಾವಿರ ಕಿಲೋಮೀಟರ್ ಆಯಿತು. ಒಂದು ಹನಿ ಸೋರಿಲ್ಲ.

ಮೀನಿನ ನೀರು ಬೀಳುವುದು ಹಿಂದೆ, ಪ್ಯಾನ್ ಇರುವುದು ಮುಂದೆ, ಹಾಗಾದರೆ ತುಕ್ಕು ಹೇಗೆ ಅಂತ ಕೇಳುವವರಿದ್ದಾರೆ. ಬಂದರಿನ ಒಳಗೆ ನಿಂತಿರುವ ನೀರೇ ಉಪ್ಪು. ರಸ್ತೆಗೆ ಬಂದರೆ ಮುಂದೆ ಹೋಗುವ ಮೀನಿನ ಗಾಡಿಗಳಿಂದ ಐಸ್ ಕರಗಿದ ನೀರು ಸುರಿಯುತ್ತಿರುತ್ತದೆ. ನಮ್ಮ ಮುಂದಿನ ಚಕ್ರ ಅದನ್ನೆಲ್ಲ ಎತ್ತಿ ಇಂಜಿನ್ ಅಡಿಗೆ ಹೊಡೆಯುತ್ತದೆ. ಕೆಳಗಿನ ಗಾರ್ಡ್ ತಗಡಿನ ಮೇಲೆ ಕೆಸರು ಕೂತರೆ ಆ ಉಪ್ಪು ವಾರಗಟ್ಟಲೆ ಒದ್ದೆಯಾಗಿಯೇ ಪ್ಯಾನ್‌ಗೆ ಅಂಟಿಕೊಂಡಿರುತ್ತದೆ. ನನ್ನ ಪ್ಯಾನ್ ತೂತಾದದ್ದು ಸರಿಯಾಗಿ ಅಲ್ಲೇ, ಹಳೆ ಆಯಿಲ್ ಇಳಿಸಲು ಬಿಚ್ಚುವ ಡ್ರೈನ್ ಬೋಲ್ಟಿನ ಸುತ್ತ.

ಮೊದಲು ಗೊತ್ತಾದದ್ದು ಘಾಟಿಯಲ್ಲಿ. ಆಗುಂಬೆಯ 14 ಹೇರ್‌ಪಿನ್ ತಿರುವುಗಳಲ್ಲಿ ಎರಡು ಕಡೆ ಆಯಿಲ್ ಲೈಟ್ ಮಿಣುಕಿತು. ಆಯಿಲ್ ಕಡಿಮೆಯಾದಾಗ ತಿರುವಿನಲ್ಲಿ ಇದ್ದದ್ದೂ ಒಂದು ಬದಿಗೆ ವಾಲುತ್ತದೆ. ಆಗ ಪಂಪ್‌ನ ಜಾಲರಿ ಆಯಿಲ್ ಬದಲು ಗಾಳಿ ಎಳೆಯುತ್ತದೆ. ಹಾಗೇ ಓಡಿಸಿದರೆ ಬೇರಿಂಗ್ ಹೋಗುತ್ತದೆ, ಆಮೇಲೆ ಇಂಜಿನ್ನೇ ಬಿಚ್ಚಬೇಕು. ಗಾಡಿ ನಿಲ್ಲಿಸಿ, ಆಯಿಲ್ ಮಟ್ಟ ನೋಡುವ ಡಿಪ್‌ಸ್ಟಿಕ್ ಎಳೆದರೆ ತುದಿಗೆ ಮಾತ್ರ ಆಯಿಲ್ ಅಂಟಿತ್ತು. ಜೊತೆಗಿದ್ದ ಕ್ಯಾನ್ ಸುರಿದು ಮೆಲ್ಲ ಘಾಟಿ ಇಳಿದೆ.

ಸೀಸನ್ ಮುಗಿಯಲು ಇನ್ನೂ ಮೂರು ವಾರ ಇತ್ತು. ತೂತಿಗೆ ಎಪಾಕ್ಸಿ ಅಂಟು ಮೆತ್ತಿದೆ. ಎಂಟು ದಿನಕ್ಕೆ ಅದರ ಪಕ್ಕದಲ್ಲೇ ಜಿನುಗಲು ಶುರುವಾಯಿತು. ವೆಲ್ಡಿಂಗ್ ಮಾಡಿಸೋಣ ಅಂತ ಮೆಕ್ಯಾನಿಕ್ ಹತ್ತಿರ ಹೋದೆ. ಅವರು ಸ್ಕ್ರೂಡ್ರೈವರ್ ತುದಿಯಿಂದ ಒತ್ತಿದರು, ಅದು ಒಳಗೇ ಹೋಯಿತು. “ಇದರಲ್ಲಿ ತಗಡೇ ಇಲ್ಲ ಮಾರಾಯ್ರೇ, ಬಣ್ಣ ಮಾತ್ರ ಉಳಿದದ್ದು” ಅಂದರು. ಸರಿ ಅನ್ನಿಸಿತು. ತುಕ್ಕು ತಿಂದ ತಗಡಿಗೆ ವೆಲ್ಡ್ ಹಿಡಿಯುವುದಿಲ್ಲ. ತೂತು ದೊಡ್ಡದಾಗುತ್ತದೆ ಅಷ್ಟೇ.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ರಜೆ ಅಲ್ವಾ, ಆಗ ಕೆಲಸಕ್ಕೆ ಕೈಹಾಕಿದೆ. ಮೊದಲು ಅಗ್ಗದ ಪ್ಯಾನ್ ಒಂದನ್ನು ತಂದಿದ್ದೆ. ಗಾಜಿನ ಮೇಲೆ ಬೋರಲು ಇಟ್ಟು ನೋಡಿದರೆ ಒಂದು ಮೂಲೆ ಎದ್ದು ನಿಂತಿತ್ತು. ಅಂಚು ಸಮತಟ್ಟಾಗಿ ಕೂರದಿದ್ದರೆ ಎಷ್ಟು ಸಿಲಿಕೋನ್ ಅಂಟು ಹಚ್ಚಿದರೂ ಸೋರುತ್ತದೆ. ವಾಪಸ್ ಕೊಟ್ಟು, ಹೆಚ್ಚು ಕಡಿಮೆ ದುಪ್ಪಟ್ಟು ದುಡ್ಡು ಕೊಟ್ಟು ಕಂಪನಿ ಪ್ಯಾನ್ ತಂದೆ. ಗಾಜಿನ ಪರೀಕ್ಷೆ ಅಂಗಡಿಯಲ್ಲೇ ಮಾಡಿ, ನಾಚಿಕೆ ಬೇಡ.

ನನ್ನ ಗಾಡಿಯಲ್ಲಿ ಪ್ಯಾನ್ ಕೆಳಗೆ ಅಡ್ಡ ಮೆಂಬರ್, ಅಂದರೆ ಚಾಸಿಯ ಅಡ್ಡ ಪಟ್ಟಿ, ಇದೆ. ಬೋಲ್ಟ್ ಬಿಚ್ಚಿದರೂ ಪ್ಯಾನ್ ಹೊರಗೆ ಬರುವುದಿಲ್ಲ. ಇಂಜಿನ್ ಹಿಡಿದಿಡುವ ಮೌಂಟಿಂಗ್ ಸಡಿಲಿಸಿ ಇಂಜಿನ್ನನ್ನು ಎರಡು ಇಂಚು ಎತ್ತಬೇಕು. ಇಡೀ ದಿನ ಹಿಡಿಯಿತು. ಮಜೂರಿ ಪ್ಯಾನ್‌ನ ಬೆಲೆಗಿಂತ ಜಾಸ್ತಿಯೇ ಆಯಿತು, ಆದರೆ ಅದು ದಂಡ ಅಲ್ಲ. ಹಳೆ ಪ್ಯಾಕಿಂಗ್ ಕೆರೆಯಲು ಮೆಕ್ಯಾನಿಕ್ ಒಂದು ಗಂಟೆ ತೆಗೆದುಕೊಂಡರು. ಬ್ಲಾಕಿನ ಅಂಚು ಬೆರಳಿಗೆ ಗಾಜಿನಂತೆ ಸಿಗುವವರೆಗೂ ಬಿಡಲಿಲ್ಲ. ಸಿಲಿಕೋನ್ ತೆಳ್ಳಗೆ ಒಂದೇ ಎಳೆ. ಜಾಸ್ತಿ ಹಚ್ಚಿದರೆ ಒಳಗೆ ಉಬ್ಬಿದ ಚೂರು ಕಳಚಿ ಜಾಲರಿಗೆ ಸಿಕ್ಕಿಕೊಳ್ಳುತ್ತದೆ. ಬೋಲ್ಟುಗಳನ್ನು ನಡುವಿನಿಂದ ಹೊರಕ್ಕೆ, ಒಮ್ಮೆ ಈ ಬದಿ ಒಮ್ಮೆ ಆ ಬದಿ, ಸ್ವಲ್ಪ ಸ್ವಲ್ಪವೇ ಬಿಗಿದರು. ಸಣ್ಣ ಬೋಲ್ಟುಗಳವು. ಬಲ ಹಾಕಿದರೆ ಅಂಚು ಬಾಗುತ್ತದೆ. ಒಂದು ರಾತ್ರಿ ಒಣಗಲು ಬಿಟ್ಟು, ಮರುದಿನ ಹೊಸ ಫಿಲ್ಟರ್, ಹೊಸ ಆಯಿಲ್.

ಕೂರಿಸುವ ಮೊದಲು ನಾನು ಮಾಡಿದ ಒಂದು ಕೆಲಸವೇ ಇಷ್ಟು ದಿನ ಕಾಪಾಡಿದ್ದು ಅಂತ ನನ್ನ ನಂಬಿಕೆ. ಪ್ಯಾನ್ ಮೇಲೆ ಬರುವ ಕಪ್ಪು ಬಣ್ಣ ತೆಳು, ನಮ್ಮ ಕರಾವಳಿಗೆ ಸಾಲದು. ಹೊರಮೈಯನ್ನು ನಯವಾಗಿ ಉಜ್ಜಿ, ಥಿನ್ನರ್‌ನಲ್ಲಿ ಒರೆಸಿ, ಎರಡು ಕೋಟ್ ಎಪಾಕ್ಸಿ ಪ್ರೈಮರ್, ಅದರ ಮೇಲೆ ಎರಡು ಕೋಟ್ ಎಪಾಕ್ಸಿ ಪೇಂಟ್ ಹೊಡೆದೆ. ಪ್ಯಾಕಿಂಗ್ ಕೂರುವ ಅಂಚಿಗೂ ಡ್ರೈನ್ ಬೋಲ್ಟ್ ಕೂರುವ ಥ್ರೆಡ್ಡಿಗೂ ಟೇಪ್ ಅಂಟಿಸಿದ್ದೆ. ರಬ್ಬರ್ ಕೋಟಿಂಗ್ ಬೇಡ ಅಂದೆ. ಅದು ಒಂದು ಕಡೆ ಎದ್ದರೆ ನೀರು ಒಳಗೆ ನಿಂತು, ತುಕ್ಕು ಕಣ್ಣಿಗೆ ಬೀಳದೆ ಬೆಳೆಯುತ್ತದೆ. ಅಡಿಗೆ ಹಳೆ ಆಯಿಲ್ ಹೊಡೆಯುವ ಅಭ್ಯಾಸವನ್ನೂ ಬಿಟ್ಟೆ. ಅದು ಮೌಂಟಿಂಗ್‌ನ ರಬ್ಬರನ್ನು ಮೆತ್ತಗೆ ಮಾಡುತ್ತದೆ.

ಈಗ ಪ್ರತಿ ಟ್ರಿಪ್ ಮುಗಿದ ಮೇಲೆ ಬಾವಿನೀರಿನಲ್ಲಿ ಅಡಿಭಾಗ ತೊಳೆಯುತ್ತೇನೆ. ಗಾರ್ಡ್ ತಗಡನ್ನು ತಿಂಗಳಿಗೊಮ್ಮೆ ಬಿಚ್ಚಿ ಕೆಸರು ತೆಗೆಯುತ್ತೇನೆ. ಡ್ರೈನ್ ಬೋಲ್ಟಿನ ತಾಮ್ರದ ವಾಶರ್ ಪ್ರತಿ ಆಯಿಲ್ ಬದಲಾವಣೆಗೂ ಹೊಸದು.

ಕೊರತೆ ಇಲ್ಲ ಅಂತಲ್ಲ. ಎಡಬದಿಯಲ್ಲಿ ಕಲ್ಲು ಬಡಿದು ಉಗುರಿನಷ್ಟು ಬಣ್ಣ ಎದ್ದಿದೆ, ಅಲ್ಲಿ ಕೆಂಪು ಕಾಣಿಸಿಕೊಂಡಿದೆ. ಸ್ಪಾನರ್ ತಾಗುವ ಕಡೆ ಬೋಲ್ಟುಗಳ ತಲೆಯೂ ತುಕ್ಕಾಗಿದೆ. ಬರುವ ಜೂನ್‌ನಲ್ಲಿ ಆ ಜಾಗ ಉಜ್ಜಿ ಮತ್ತೆ ಪ್ರೈಮರ್ ಹಚ್ಚಬೇಕು. ಡಬ್ಬಿಯಲ್ಲಿ ಇನ್ನೂ ಅರ್ಧ ಉಳಿದಿದೆ.