ಮೊರ್ಗೋನ್ ಮತ್ತು ಫ್ಲರಿ: ಒಂದೇ ದ್ರಾಕ್ಷಿ, ಎರಡು ಮಣ್ಣು

ಫ್ರಾನ್ಸಿನ ಲಿಯೋನ್ ನಗರದ ಉತ್ತರಕ್ಕೆ ಬೋಜೊಲೆ ಬೆಟ್ಟಸಾಲು ಇದೆ. ಅಲ್ಲಿನ ಕೆಂಪು ವೈನ್‌ಗಳ ಪೈಕಿ ತಮ್ಮ ಪುಟ್ಟ ಸೀಮೆಯ ಹೆಸರಿನಲ್ಲೇ ಮಾರಾಟವಾಗುವ ಹತ್ತನ್ನು ‘ಕ್ರ್ಯೂ’ ಎಂದು ಕರೆಯುತ್ತಾರೆ. ಉದ್ಯೋಗದ ನಿಮಿತ್ತ ಲಿಯೋನ್‌ನಲ್ಲಿದ್ದ ಎರಡು ವರ್ಷಗಳಲ್ಲಿ ಈ ಹತ್ತರಲ್ಲಿ ನಾನು ಮತ್ತೆ ಮತ್ತೆ ಕೊಂಡು ತಂದದ್ದು ಮೊರ್ಗೋನ್ ಮತ್ತು ಫ್ಲರಿ. ಇವೆರಡರ ತೋಟಗಳು ನೆರೆಹೊರೆಯವು, ಎರಡಕ್ಕೂ 1936ರಲ್ಲೇ ಮಾನ್ಯತೆ ಸಿಕ್ಕಿತು, ಎರಡನ್ನೂ ಗಮೇ ಎಂಬ ಒಂದೇ ತಳಿಯ ದ್ರಾಕ್ಷಿಯಿಂದ ಮಾಡುತ್ತಾರೆ. ಹಾಗಿದ್ದೂ ಊಟದ ಜೊತೆಗೆ ಒಂದನ್ನು ಇಡಬೇಕಾದಲ್ಲಿ ಇನ್ನೊಂದು ಹೆಚ್ಚಿನ ಸಲ ಒಗ್ಗುವುದಿಲ್ಲ.

ಗಮೇ ತಳಿಯನ್ನು ತನ್ನ ಸೀಮೆಯಿಂದ ಕಿತ್ತುಹಾಕಬೇಕೆಂದು ಬೋಜೊಲೆಗೆ ಉತ್ತರದ ಬರ್ಗಂಡಿಯನ್ನು ಆಳುತ್ತಿದ್ದ ಡ್ಯೂಕ್ ಫಿಲಿಪ್ 1395ರಲ್ಲಿ ಆಜ್ಞೆ ಹೊರಡಿಸಿದ್ದ. ಅವನಿಗೆ ಬೇಡವಾದ ಈ ದ್ರಾಕ್ಷಿಗೆ ಬೋಜೊಲೆಯ ಉತ್ತರ ಭಾಗದ ಗ್ರಾನೈಟ್ ನೆಲ ಚೆನ್ನಾಗಿ ಹಿಡಿಸಿತು. ಇಲ್ಲಿ ಸಾಮಾನ್ಯವಾಗಿ ಗೊಂಚಲನ್ನು ಬಿಡಿಸದೆ ಇಡಿಯಾಗಿಯೇ ತೊಟ್ಟಿಗೆ ತುಂಬುತ್ತಾರೆ. ತಳದ ಹಣ್ಣು ಮೇಲಿನ ಭಾರಕ್ಕೆ ಒಡೆದು ಹುದುಗತೊಡಗುತ್ತದೆ, ಅದರಿಂದ ಹೊಮ್ಮುವ ಇಂಗಾಲದ ಡೈಆಕ್ಸೈಡ್ ತೊಟ್ಟಿಯನ್ನೆಲ್ಲ ತುಂಬುತ್ತದೆ, ಆಗ ಮೇಲಿನ ಹಣ್ಣುಗಳು ಒಡೆಯದೆ ಒಳಗೊಳಗೇ ಹುದುಗಲು ಆರಂಭಿಸುತ್ತವೆ. ಈ ವೈನ್‌ಗಳಲ್ಲಿ ಹಣ್ಣಿನ ಘಮ ಹೆಚ್ಚಾಗಿ, ಒಗರು ಕಡಿಮೆಯಾಗಿ ಇರುವುದಕ್ಕೆ ಇದೇ ಕಾರಣ.

ವ್ಯತ್ಯಾಸ ತರುವುದು ಮಣ್ಣು. ಫ್ಲರಿಯದು ನಸುಗೆಂಪು ಗ್ರಾನೈಟ್ ಪುಡಿಯಾಗಿ ಆದ, ನೀರು ನಿಲ್ಲದ ಮರಳು ನೆಲ. ಮೊರ್ಗೋನ್‌ನ ಹೆಸರಾಂತ ಗುಡ್ಡವಾದ ಕೋತ್ ದ್ಯು ಪಿಯಲ್ಲಿ ಗಟ್ಟಿಯಾದ ನೀಲಿಗಪ್ಪು ಕಲ್ಲು ಸವೆದು ಆದ ಮಣ್ಣಿದೆ, ಅದನ್ನು ಅಲ್ಲಿಯವರು ‘ಕೊಳೆತ ಬಂಡೆ’ ಎನ್ನುತ್ತಾರೆ.

ಒಂದೇ ವರ್ಷದ, ಹೆಚ್ಚುಕಡಿಮೆ ಒಂದೇ ಬೆಲೆಯ ಎರಡು ಬಾಟಲಿಗಳನ್ನು ಒಂದು ಸಂಜೆ ಒಟ್ಟಿಗೆ ತೆರೆದೆ. ಫ್ಲರಿ ಗ್ಲಾಸಿಗೆ ಬಿದ್ದ ಕ್ಷಣದಲ್ಲೇ ರಾಸ್ಪ್‌ಬೆರಿಯ ಮತ್ತು ಹೂವಿನ ಘಮ ಬೀರಿತು, ನಾಲಗೆಯ ಮೇಲೆ ಹಗುರಾಗಿ ಹರಿದು, ನಿಂಬೆಯಷ್ಟು ಚುಚ್ಚದ ಒಂದು ಹುಳಿಯಲ್ಲಿ ಮುಗಿಯಿತು. ಮೊರ್ಗೋನ್ ಮೊದಲಿಗೆ ಏನನ್ನೂ ಬಿಟ್ಟುಕೊಡಲಿಲ್ಲ. ಅರ್ಧ ಗಂಟೆಯ ನಂತರವೇ ಕಪ್ಪು ಚೆರಿ, ಅದರ ಹಿಂದೆಯೇ ಮಳೆ ಬಿದ್ದ ಕಲ್ಲಿನಂಥ ವಾಸನೆ ಬಂದವು, ಒಸಡಿಗೆ ತೆಳುವಾದ ಒಗರು ಹತ್ತಿತು.

ಇಲ್ಲಿ ಉಷ್ಣತೆಯ ವಿಷಯ ಹೇಳಲೇಬೇಕು. ಕೆಂಪು ವೈನನ್ನು ತಣ್ಣಗೆ ಕುಡಿಯಬಾರದೆಂಬ ಮಾತನ್ನು ನಂಬಿ ಒಂದು ಜುಲೈ ತಿಂಗಳ ಸೆಕೆಯಲ್ಲಿ ಫ್ಲರಿಯನ್ನು ಹಾಗೆಯೇ ಬಡಿಸಿದ್ದೆ, ಹಣ್ಣೆಲ್ಲ ಮುಚ್ಚಿಹೋಗಿ ಮದ್ಯಸಾರದ ಉರಿಯೊಂದೇ ಉಳಿದಿತ್ತು. ಫ್ರಿಜ್ಜಿನಲ್ಲಿ ಇಟ್ಟು 13 ಡಿಗ್ರಿಯ ಆಸುಪಾಸಿಗೆ ತಂದರೆ ಫ್ಲರಿ ಸರಿಹೋಗುತ್ತದೆ, ಮೊರ್ಗೋನ್‌ಗೆ 15 ಡಿಗ್ರಿ ಸಾಕು.

ಊಟದ ಜೊತೆಗೆ ಹೋಲಿಸಿದಾಗ ನನ್ನ ಒಲವು ಸ್ಪಷ್ಟವಾಯಿತು. ಬೇಯಿಸಿದ ಆಲೂಗಡ್ಡೆಯೊಂದಿಗೆ ಬಡಿಸುವ ಲಿಯೋನ್‌ನ ಬಿಸಿ ಹಂದಿ ಸಾಸೇಜಿಗೆ ಮೊರ್ಗೋನ್ ಅತ್ಯುತ್ತಮ ಜೋಡಿ, ಏಕೆಂದರೆ ಅದರ ಹುಳಿ ಮತ್ತು ಒಗರು ಬಾಯಿಯ ಜಿಡ್ಡನ್ನು ಪೂರ್ತಿ ತೊಳೆದು ಮುಂದಿನ ತುತ್ತಿಗೆ ಸಿದ್ಧಗೊಳಿಸುತ್ತವೆ. ಫ್ಲರಿ ಆ ಜಿಡ್ಡಿನೆದುರು ನೀರಾಯಿತು. ಆದರೆ ಆಡಿನ ಹಾಲಿನ ಎಳೆಯ ಚೀಸಿಗೆ ಫ್ಲರಿಯೇ ಬೇಕು. ಸಾದಾ ಹುರಿದ ಕೋಳಿಗೆ ಎರಡೂ ನಡೆಯುತ್ತವೆ. ಮನೆಯಲ್ಲಿ ಮಾಡಿದ ಬದನೆಕಾಯಿ ಎಣ್ಣೆಗಾಯಿಗೂ ಎರಡನ್ನೂ ಇಟ್ಟು ನೋಡಿದೆ: ಶೇಂಗಾ ಮತ್ತು ಎಳ್ಳಿನ ಮಸಾಲೆಗೆ ತಣ್ಣನೆಯ ಫ್ಲರಿ ಚೆನ್ನಾಗಿ ಹೊಂದಿತು, ಮೊರ್ಗೋನ್‌ನ ಒಗರು ಮೆಣಸಿನಕಾಯಿಯ ಖಾರವನ್ನು ಇನ್ನಷ್ಟು ಕೆರಳಿಸಿತು.

ಮೊದಲ ಸಲ ಕೊಳ್ಳುವವರಿಗೆ ನಾನು ಫ್ಲರಿಯನ್ನೇ ಹೇಳುತ್ತೇನೆ. ನನ್ನ ಮನಸ್ಸು ಮಾತ್ರ ಮೊರ್ಗೋನ್ ಕಡೆಗಿದೆ. ಬಿರಡೆ ಹಾಕಿಟ್ಟ ಅರ್ಧ ಬಾಟಲಿ ಫ್ಲರಿ ಮರುದಿನ ಘಮ ಕಳೆದುಕೊಂಡಿದ್ದರೆ, ಮೊರ್ಗೋನ್ ಹಿಂದಿನ ರಾತ್ರಿಗಿಂತ ಸೊಗಸಾಗಿತ್ತು. ಕೆಲವು ವರ್ಷ ಮಾಗಿದ ಮೇಲೆ ಇದು ಬರ್ಗಂಡಿಯ ವೈನಿನ ಗುಣಕ್ಕೆ ತಿರುಗುತ್ತದೆ, ಆ ಮಾಗುವಿಕೆಗೆಂದೇ ಅಲ್ಲಿಯವರ ಬಾಯಲ್ಲಿ ‘ಮೊರ್ಗೊನೆ’ ಎಂಬ ಪ್ರತ್ಯೇಕ ಕ್ರಿಯಾಪದವಿದೆ.