ಮಂಗಳೂರಿನಲ್ಲಿ ವಿಮಾನ ಬದಲಿಸುವ ನಡುವೆ: ಕಟೀಲೋ, ಕದ್ರಿಯೋ, ಕಡಲೋ?

ಬೆಂಗಳೂರಿನಿಂದಲೋ ಮುಂಬೈಯಿಂದಲೋ ಬೆಳಿಗ್ಗೆ ಮಂಗಳೂರಿಗೆ ಬಂದಿಳಿದು ಸಂಜೆ ಗಲ್ಫ್ ವಿಮಾನ ಹತ್ತುವವರಿಗೆ ನಡುವೆ ಐದಾರು ಗಂಟೆ ಬಿಡುವು ಸಿಗುತ್ತದೆ. ಇಮಿಗ್ರೇಷನ್ ತಪಾಸಣೆ ನಡೆಯುವುದು ಇಲ್ಲಿಂದ ಹೊರಡುವಾಗಲೇ. ಹಾಗಾಗಿ ದೇಶದೊಳಗಿನ ವಿಮಾನದಿಂದ ಇಳಿದವರು ನೇರವಾಗಿ ಊರಿಗೆ ಹೋಗಬಹುದು. ಈ ಬಿಡುವನ್ನು ನಾನು ಬೇರೆ ಬೇರೆ ಸಲ ಬೇರೆ ಬೇರೆ ರೀತಿಯಲ್ಲಿ ಕಳೆದಿದ್ದೇನೆ. ಯಾವುದು ಯಾರಿಗೆ ಒಗ್ಗುತ್ತದೆ ಎಂಬುದರ ಬಗ್ಗೆ ಈಗ ನನಗೆ ಗಟ್ಟಿಯಾದ ಅಭಿಪ್ರಾಯವಿದೆ.

ಮೊದಲು ದಾರಿಯ ಮಾತು. ವಿಮಾನ ನಿಲ್ದಾಣ ಇರುವುದು ಬಜ್ಪೆ–ಕೆಂಜಾರಿನ ಗುಡ್ಡದ ಮೇಲೆ, ನಗರದಿಂದ ಸುಮಾರು 13 ಕಿಲೋಮೀಟರ್ ದೂರದಲ್ಲಿ. ಗುಡ್ಡ ಇಳಿದು, ಮರವೂರಿನಲ್ಲಿ ಫಲ್ಗುಣಿ ನದಿ ದಾಟಿ, ಕಾವೂರು, ಬೋಂದೆಲ್, ಯೆಯ್ಯಾಡಿ ಹಾದು ಕೆಪಿಟಿ ವೃತ್ತ ಸೇರಬೇಕು. ಹೋಗುವಾಗ ಹಗುರವಾಗಿ ಸಾಗುವ ಈ ರಸ್ತೆ ಸಂಜೆ ಐದರ ಬಳಿಕ ಬೇರೆಯೇ ಆಗಿಬಿಡುತ್ತದೆ. ಆದ್ದರಿಂದ ಇಲ್ಲಿನ ಯಾವ ಜಾಗವನ್ನೂ ಅದು ಎಷ್ಟು ದೂರ ಎಂದು ನಾನು ಅಳೆಯುವುದಿಲ್ಲ. ಅಲ್ಲಿಂದ ನಿಶ್ಚಿಂತೆಯಾಗಿ ಮರಳಬಹುದೇ ಎಂದು ನೋಡುತ್ತೇನೆ. ಎರಡು ಬೇರೆ ಬೇರೆ ಟಿಕೆಟ್ ಇದ್ದರೆ ಪೆಟ್ಟಿಗೆಯೂ ಜೊತೆಗೇ ಬರುತ್ತದೆ. ಆಗ ಹೋಗಿ ಬರುವುದಕ್ಕೂ ಕಾಯುವುದಕ್ಕೂ ಸೇರಿಸಿ ಒಂದೇ ಟ್ಯಾಕ್ಸಿ ಮಾತಾಡಿಕೊಳ್ಳುವುದು ಒಳ್ಳೆಯದು.

ಈ ಅಳತೆಯಲ್ಲಿ ಮೊದಲು ನಿಲ್ಲುವುದು ಕಟೀಲು. ಅದು ನಗರಕ್ಕೆ ಬೆನ್ನು ಹಾಕಿದ ದಿಕ್ಕಿನಲ್ಲಿದೆ. ಬಜ್ಪೆ ಪೇಟೆ ದಾಟಿದರೆ ತೋಟ, ಗುಡ್ಡ, ತಿರುವುಗಳ ರಸ್ತೆ. ದೊಡ್ಡ ವೃತ್ತಗಳಿಲ್ಲ, ಸಿಗ್ನಲ್‌ಗಳ ಕಾಟವಿಲ್ಲ. ನಂದಿನಿ ನದಿ ಎರಡಾಗಿ ಸೀಳಿ ಹರಿಯುವ ನಡುಗಡ್ಡೆಯಲ್ಲಿ ದುರ್ಗಾಪರಮೇಶ್ವರಿಯ ಗುಡಿ. ದುಂಬಿಯ ರೂಪ ತಾಳಿ ಅರುಣಾಸುರನನ್ನು ಕೊಂದ ದೇವಿಯ ಉಗ್ರತೆ ತಣಿಯಲೆಂದು ಇಲ್ಲಿ ಎಳನೀರಿನ ಅಭಿಷೇಕ ನಡೆಯುತ್ತದೆ. ಭಕ್ತರು ಎಳನೀರನ್ನೇ ಕಾಣಿಕೆಯಾಗಿ ತರುತ್ತಾರೆ. ಮಳೆಗಾಲದಲ್ಲಿ ನೀರಿನ ಸದ್ದು ಗರ್ಭಗುಡಿಯ ಗಂಟೆಯನ್ನೂ ಮೀರಿಸುವಂತಿರುತ್ತದೆ. ಮಧ್ಯಾಹ್ನ ಅನ್ನಪ್ರಸಾದವಿದೆ. ಮುಂದಿನ ಪ್ರಯಾಣದ ಚಿಂತೆ ಹೊತ್ತ ಹೊಟ್ಟೆಗೆ ಆ ಬಿಸಿ ಅನ್ನ, ಸಾರು ಎಷ್ಟು ಹಿತವೆಂದರೆ ವಿಮಾನ ನಿಲ್ದಾಣದ ಯಾವ ತಿಂಡಿಯೂ ಅದರ ಹತ್ತಿರ ಸುಳಿಯುವುದಿಲ್ಲ. ನಾಲ್ಕು ಗಂಟೆಗಿಂತ ಸ್ವಲ್ಪ ಹೆಚ್ಚು ಸಮಯವಿದ್ದರೆ ಸಾಕು, ಧಾವಂತವಿಲ್ಲದೆ ಹೋಗಿ ಬರಬಹುದು. ಶುಕ್ರವಾರ ಮತ್ತು ನವರಾತ್ರಿಯಲ್ಲಿ ಮಾತ್ರ ಸರತಿ ಉದ್ದವಿರುತ್ತದೆ. ಆಗ ಈ ಲೆಕ್ಕ ನಡೆಯದು.

ಆರು ಗಂಟೆ ಸಿಕ್ಕರೆ ನಾನು ನಗರದ ಕಡೆಗೆ ಹೊರಳುತ್ತೇನೆ. ಕೆಪಿಟಿ ವೃತ್ತಕ್ಕೆ ತೀರ ಹತ್ತಿರದಲ್ಲೇ ಕದ್ರಿ ಇದೆ. ಮಂಜುನಾಥನ ದರ್ಶನಕ್ಕೆ ಹೋದವರು ಅಲ್ಲಿನ ಲೋಕೇಶ್ವರನ ಕಂಚಿನ ವಿಗ್ರಹವನ್ನು ಹುಡುಕಿಕೊಂಡಾದರೂ ನೋಡಬೇಕು. ಮೂರು ಮುಖ, ಆರು ಕೈ. ಪೀಠದ ಶಾಸನ ಆಳುಪ ದೊರೆ ಕುಂದವರ್ಮನದು, ಕ್ರಿ.ಶ. 968ರದ್ದು. ಸಾವಿರ ವರ್ಷ ದಾಟಿದ ಲೋಹದ ಮುಖದಲ್ಲಿ ಅಷ್ಟು ಶಾಂತಿ ಉಳಿದಿರುವುದನ್ನು ಕಂಡು ನಾನು ಪ್ರತಿ ಸಲವೂ ಬೆರಗಾಗುತ್ತೇನೆ. ಗುಡಿಯ ಹಿಂದಿನ ಕೆರೆಗಳನ್ನೂ ನೋಡಿ ಬರಬಹುದು. ಆದರೆ ಮಧ್ಯಾಹ್ನ ಬಾಗಿಲು ಹಾಕುವ ಹೊತ್ತನ್ನು ಮೊದಲೇ ವಿಚಾರಿಸಿಕೊಳ್ಳಿ.

ಅಲ್ಲಿಂದ ಬಾವುಟಗುಡ್ಡೆಗೆ. ಸಂತ ಅಲೋಶಿಯಸ್ ಕಾಲೇಜಿನ ಆವರಣದಲ್ಲಿರುವ ಚಾಪೆಲ್ ಹೊರಗಿನಿಂದ ಸಾಧಾರಣ ಕಟ್ಟಡ. ಒಳಗೆ ಕಾಲಿಟ್ಟರೆ ಬಣ್ಣವಿಲ್ಲದ ಗೋಡೆಯೇ ಕಾಣುವುದಿಲ್ಲ. ಇಟಲಿಯಿಂದ ಬಂದ ಜೆಸ್ಯೂಟ್ ಸಹೋದರ ಆಂಟೋನಿಯೊ ಮೊಸ್ಕೇನಿ ಹತ್ತೊಂಬತ್ತನೆಯ ಶತಮಾನ ಮುಗಿಯುತ್ತಿದ್ದ ವರ್ಷಗಳಲ್ಲಿ ಇದನ್ನು ಚಿತ್ರಿಸಿದರು. ಗೋಡೆಗಳ ಮೇಲಿನವು ಹಸಿ ಗಾರೆಯ ಮೇಲೆ ಬರೆದವು. ಚಾವಣಿಯವು ಕ್ಯಾನ್ವಾಸಿನ ಮೇಲಿನ ತೈಲಚಿತ್ರಗಳು. ಹಸಿ ಗಾರೆ ಒಣಗುವ ಮೊದಲೇ ಬಣ್ಣ ಹಚ್ಚಿ ಮುಗಿಸಬೇಕು, ತಿದ್ದಲು ಅವಕಾಶ ಕಡಿಮೆ. ಕರಾವಳಿಯ ಈ ತೇವದ ಹವೆಯಲ್ಲಿ ಆ ಕೆಲಸ ಮಾಡಿದ ಕೈಯನ್ನು ನೆನೆದರೆ ಗೌರವ ಮೂಡುತ್ತದೆ. ಚಾವಣಿಯಲ್ಲಿ ಅಲೋಶಿಯಸ್‌ನ ಬದುಕು: ಅರಮನೆಯ ಹಕ್ಕನ್ನು ತೊರೆದು, ರೋಮಿನಲ್ಲಿ ಪ್ಲೇಗ್ ರೋಗಿಗಳ ಸೇವೆ ಮಾಡುತ್ತ, 1591ರಲ್ಲಿ ಇಪ್ಪತ್ತಮೂರರ ವಯಸ್ಸಿಗೇ ತೀರಿಕೊಂಡವನ ಕಥೆ. ಬೆಂಚಿನ ಮೇಲೆ ತಲೆಯೆತ್ತಿ ಕುಳಿತು ನಿಧಾನವಾಗಿ ನೋಡಿ. ಇಂಥದ್ದು ಕರ್ನಾಟಕದಲ್ಲಿ ಬೇರೆಲ್ಲೂ ನನ್ನ ಕಣ್ಣಿಗೆ ಬಿದ್ದಿಲ್ಲ. ಮಂಗಳೂರಿಗೆ ಮೊದಲ ಸಲ ಬರುವವರು ಕಟೀಲನ್ನು ಬಿಟ್ಟಾದರೂ ಇದನ್ನು ಆರಿಸಿಕೊಳ್ಳಬೇಕು ಎಂಬುದು ನನ್ನ ಒತ್ತಾಯ.

ಮರಳುವ ದಾರಿಯಲ್ಲಿ ಲಾಲ್‌ಬಾಗಿನ ಪಬ್ಬಾಸ್‌ನಲ್ಲಿ ಗಡ್‌ಬಡ್ ತಿನ್ನಲು ಅರ್ಧ ಗಂಟೆ ಇಟ್ಟುಕೊಳ್ಳಿ. ಎತ್ತರದ ಗಾಜಿನ ಲೋಟದಲ್ಲಿ ಐಸ್‌ಕ್ರೀಮ್, ಜೆಲ್ಲಿ, ಹಣ್ಣು, ಗೋಡಂಬಿ ಪದರ ಪದರವಾಗಿ ಬರುತ್ತದೆ. ಭಾನುವಾರ ಸಂಜೆ ಮಾತ್ರ ಬೇಡ. ಇಡೀ ಊರೇ ಅಲ್ಲಿರುತ್ತದೆ.

ಕಡಲಿಗೆ ನಾನು ಕೊನೆಯ ಸ್ಥಾನ ಕೊಡುತ್ತೇನೆ. ಕಾವೂರಿನಿಂದ ಕೂಳೂರು ದಾಟಿದರೆ ಪಣಂಬೂರು, ದೂರವೇನೂ ಇಲ್ಲ. ಆದರೆ ಕಡಲು ಸೊಗಸಾಗಿ ಕಾಣುವುದು ಸೂರ್ಯ ಇಳಿಯುವ ಹೊತ್ತಿಗೆ, ಸಂಜೆಯ ವಿಮಾನದವರು ಆಗ ಚೆಕ್‌ಇನ್ ಸಾಲಿನಲ್ಲಿರಬೇಕು. ನಡುಮಧ್ಯಾಹ್ನ ಕಾದ ಮರಳಿನಲ್ಲಿ ನಡೆದು, ಬೆವರಿ, ಉಪ್ಪು ಅಂಟಿದ ಬಟ್ಟೆಯಲ್ಲೇ ಮುಂದಿನ ವಿಮಾನ ಹತ್ತುವುದು ಹಿತವಲ್ಲ. ಮಧ್ಯರಾತ್ರಿಯ ವಿಮಾನವಿದ್ದರೆ ಮಾತು ಬೇರೆ. ಆಗ ಪಣಂಬೂರಿಗಿಂತ ತಣ್ಣೀರುಬಾವಿಯ ಮರಗಳ ನೆರಳು ನನಗಿಷ್ಟ.

ಮಕ್ಕಳಿದ್ದರೆ ವಾಮಂಜೂರಿನ ಬಳಿಯ ಪಿಲಿಕುಳ ಉಳಿದೆಲ್ಲವನ್ನೂ ಹಿಂದಿಕ್ಕುತ್ತದೆ. ಪ್ರಾಣಿ ಸಂಗ್ರಹಾಲಯ, ತುಳುನಾಡಿನ ಹಳೆಯ ಜಮೀನ್ದಾರಿ ಮನೆಯ ಮಾದರಿಯಾದ ಗುತ್ತಿನ ಮನೆ, 2018ರಲ್ಲಿ ತೆರೆದ ತಾರಾಲಯ ಎಲ್ಲವೂ ಅಲ್ಲಿವೆ. ಸೋಮವಾರ ರಜೆ. ಒಂದನ್ನೇ ಆರಿಸಿಕೊಳ್ಳಿ, ಎಲ್ಲವನ್ನೂ ನೋಡುವಷ್ಟು ಸಮಯ ಸಿಗುವುದಿಲ್ಲ.

ಎಂಟು ಗಂಟೆ ಕೈಯಲ್ಲಿದ್ದರೆ ಮೇಲಿನ ಯಾವುದೂ ಬೇಡ, ಕೈಕಂಬದ ಮೂಲಕ ಮೂಡುಬಿದಿರೆಗೆ ಹೋಗಿ. 1430ರಲ್ಲಿ ಕಟ್ಟಲು ತೊಡಗಿದ ಸಾವಿರ ಕಂಬದ ಬಸದಿಯಲ್ಲಿ ಒಂದರಂತೆ ಇನ್ನೊಂದು ಕಂಬವಿಲ್ಲ ಎಂದು ಹೇಳುತ್ತಾರೆ. ಕುಸುರಿ ನೋಡುತ್ತ ಸುತ್ತಿದರೆ ಆ ಮಾತನ್ನು ನಂಬಬೇಕೆನಿಸುತ್ತದೆ. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಸಾಹಸ ಬೇಡ. ಆ ತಿಂಗಳುಗಳಲ್ಲಿ ಗುಡ್ಡದ ಮೇಲಿನ ಈ ರನ್‌ವೇ ಮಂಜು, ಮಳೆಯಲ್ಲಿ ಕಾಣದೆ ವಿಮಾನಗಳು ಬೆಂಗಳೂರಿಗೋ ಕೇರಳಕ್ಕೋ ತಿರುಗುವುದುಂಟು, ವೇಳೆಯೂ ಬದಲಾಗುತ್ತದೆ. ಮಳೆಗಾಲದಲ್ಲಿ ಕಟೀಲಿಗಿಂತ ಆಚೆಗೆ ನಾನು ಹೋಗುವುದಿಲ್ಲ.