ಖಾಲಿ ಬಿಟ್ಟ ಫೋರ್‌ಹ್ಯಾಂಡ್ ಮೂಲೆಗೆ: ಸೈಡ್ ಸ್ಟೆಪ್ಪೋ, ಕ್ರಾಸ್‌ಓವರೋ?

ಟೇಬಲ್ ಟೆನ್ನಿಸ್ ಆಟ. ಬ್ಯಾಕ್‌ಹ್ಯಾಂಡ್ ಮೂಲೆಗೆ, ಅಂದರೆ ಎಡ ಮೂಲೆಗೆ, ಸುತ್ತಿಬಂದು ಫೋರ್‌ಹ್ಯಾಂಡ್ ಟಾಪ್‌ಸ್ಪಿನ್ (ಚೆಂಡು ಮುಂದಕ್ಕೆ ತಿರುಗುವಂತೆ ಉಜ್ಜಿ ಹೊಡೆಯುವ ಹೊಡೆತ) ಹೊಡೆದಾಯಿತು. ಎದುರಾಳಿ ಅದನ್ನು ಬ್ಯಾಟ್ ಅಡ್ಡ ಹಿಡಿದು ಬ್ಲಾಕ್ ಮಾಡಿ, ನೀವು ಖಾಲಿ ಬಿಟ್ಟ ಬಲ ಮೂಲೆಗೆ ಹಾಕಿದರು. ಟೇಬಲ್ಲಿನ ಅಗಲ 1.525 ಮೀಟರ್, ನಿಮ್ಮ ಎಡಗಾಲಂತೂ ಆಗಲೇ ಎಡ ಅಂಚಿನಿಂದ ಆಚೆಗಿದೆ. ಅಲ್ಲಿಗೆ ತಲುಪಲು ಎರಡು ಹೆಜ್ಜೆಗಳಿವೆ: ಪಕ್ಕಕ್ಕೆ ಸರಿಯುವ ಸೈಡ್ ಸ್ಟೆಪ್, ಒಂದು ಕಾಲು ಇನ್ನೊಂದನ್ನು ದಾಟಿ ಹೋಗುವ ಕ್ರಾಸ್‌ಓವರ್. ಬುಟ್ಟಿ ತುಂಬ ಚೆಂಡಿಟ್ಟುಕೊಂಡು, ಒಂದೇ ಜಾಗಕ್ಕೆ ಹಾಕಿಸಿಕೊಂಡು, ಎರಡೂ ಹೆಜ್ಜೆಗಳನ್ನು ಸರದಿಯಲ್ಲಿ ಆಡಿ ನೋಡಿದಾಗ ಕಂಡದ್ದನ್ನು ಇಲ್ಲಿ ಕೊಟ್ಟಿದೆ. ವಿವರಣೆ ಬಲಗೈ ಆಟಗಾರರಿಗೆ; ಎಡಗೈಯವರು ಕಾಲು ಅದಲುಬದಲು ಮಾಡಿಕೊಳ್ಳಿ.

ಸೈಡ್ ಸ್ಟೆಪ್ಪಿನಲ್ಲಿ ಎಡಗಾಲು ಬಲಗಾಲಿನತ್ತ ಸರಿಯುತ್ತದೆ, ಕೂಡಲೇ ಬಲಗಾಲು ಹೊರಕ್ಕೆ ಹೋಗುತ್ತದೆ. ಪಾದ ನೆಲದಿಂದ ಏಳುವುದು ಒಂದೆರಡು ಬೆರಳಿನಷ್ಟೇ. ಬಲಗಾಲು ಎಡಗಾಲಿಗಿಂತ ಅರ್ಧ ಪಾದ ಹಿಂದೆ ಊರಬೇಕು, ಅಷ್ಟರಲ್ಲಿ ಸೊಂಟ ಬಲಕ್ಕೆ ತಿರುಗಿರಬೇಕು. ಹೆಚ್ಚಿನವರು ತಪ್ಪುವುದು ಇಲ್ಲೇ. ಬಲಗಾಲು ಎಡಗಾಲಿನ ಸಾಲಿಗೇ ಬಂದು ನಿಂತರೆ ಸೊಂಟ ತಿರುಗುವುದಿಲ್ಲ, ಕೈಯೊಂದೇ ಕೆಲಸ ಮಾಡುತ್ತದೆ, ಭುಜ ಮೇಲೇಳುತ್ತದೆ, ಚೆಂಡು ಟೇಬಲ್ ದಾಟಿ ಹೋಗುತ್ತದೆ. ಸರಿಯಾಗಿ ಊರಿದರೆ ಎರಡೂ ಕಾಲು ನೆಲದ ಮೇಲಿರುವಾಗಲೇ ಹೊಡೆತ ಬೀಳುವುದರಿಂದ ನೇರಕ್ಕೂ ಹಾಕಬಹುದು, ಅಡ್ಡಕ್ಕೂ ಹಾಕಬಹುದು. ಮುಂದಿನ ಚೆಂಡಿಗೂ ಆಗಲೇ ಸಿದ್ಧ. ಶೂ ತಿರುಗಿಸಿ ನೋಡಿ: ಬಲಗಾಲಿನ ಅಟ್ಟೆ ಹೆಬ್ಬೆರಳ ಬುಡದ ಒಳಅಂಚಿನಲ್ಲಿ ಸವೆದಿದ್ದರೆ ಭಾರ ಸರಿಯಾದ ಕಡೆ ಬೀಳುತ್ತಿದೆ. ಹಿಮ್ಮಡಿ ಸವೆದಿದ್ದರೆ ನೀವು ಹಿಂದಕ್ಕೆ ವಾಲಿ ಹೊಡೆಯುತ್ತಿದ್ದೀರಿ.

ಇದರ ಮಿತಿ ದೂರ. ಸುಮಾರು ಒಂದು ಮೀಟರ್ ದಾಟಿದರೆ ಎರಡು ಸಲ ಸರಿಯಬೇಕಾಗುತ್ತದೆ. ವೇಗದ ಬ್ಲಾಕ್ ಅಷ್ಟು ಹೊತ್ತು ಕಾಯುವುದಿಲ್ಲ.

ಅಲ್ಲಿ ಕ್ರಾಸ್‌ಓವರ್ ಬೇಕು. ಮೊದಲು ಬಲಗಾಲಿನ ತುದಿಯನ್ನು ಬಲಕ್ಕೆ ತಿರುಗಿಸಿ, ಅದರಿಂದಲೇ ನೆಲವನ್ನು ಒದೆಯಿರಿ. ಎಡಗಾಲು ಬಲಗಾಲಿನ ಮುಂದಿನಿಂದ ದಾಟಿ ದೂರಕ್ಕೆ ಬೀಳುತ್ತದೆ. ಅದು ನೆಲ ಮುಟ್ಟುವ ಹೊತ್ತಿಗೇ ಬ್ಯಾಟಿಗೆ ಚೆಂಡು ತಾಗಬೇಕು. ಎಡಗಾಲು ಊರಿ, ನಿಂತು, ಆಮೇಲೆ ಬೀಸಿದರೆ ಚೆಂಡು ಮೈಯ ಹಿಂದೆ ಹೋಗಿರುತ್ತದೆ. ಹೊಡೆತದ ಜೊತೆಗೇ ಬಲಗಾಲು ಸುತ್ತಿಬಂದು ಹೊರಗೆ ಊರಿ ಬ್ರೇಕ್ ಹಾಕುತ್ತದೆ. ಬ್ಯಾಟಿನ ಒಂದೇ ಬದಿಯಲ್ಲಿ, ಬಹುಪಾಲು ಫೋರ್‌ಹ್ಯಾಂಡಿನಲ್ಲೇ ಆಡಿ 2004ರ ಅಥೆನ್ಸ್ ಒಲಿಂಪಿಕ್ಸ್ ಸಿಂಗಲ್ಸ್ ಚಿನ್ನ ಗೆದ್ದ ದಕ್ಷಿಣ ಕೊರಿಯಾದ ರ್ಯು ಸುಂಗ್‌ಮಿನ್ ಅವರ ಕಾಲುಗಳನ್ನು ನಿಧಾನ ಚಲನೆಯಲ್ಲಿ ನೋಡಿದರೆ ಈ ಕೊನೆಯ ಊರುವಿಕೆ ಎಷ್ಟು ಮುಖ್ಯವೆಂದು ಗೊತ್ತಾಗುತ್ತದೆ.

ಕ್ರಾಸ್‌ಓವರಿನಲ್ಲಿ ಚೆಂಡು ಸಿಗುವುದು ಅಷ್ಟು ಕಷ್ಟವಲ್ಲ, ವಾಪಸ್ ಬರುವುದು ಕಷ್ಟ. ಮೈ ಪೂರ್ತಿ ಬಲಕ್ಕೆ ಹೋಗಿರುವುದರಿಂದ ಬ್ಯಾಕ್‌ಹ್ಯಾಂಡ್ ಬದಿ ಬಯಲಾಗಿರುತ್ತದೆ. ಹಾಗಾಗಿ ಸೈಡ್ ಸ್ಟೆಪ್ಪಿಗೆ ಸಿಗುವ ಚೆಂಡಿಗೆ ಕ್ರಾಸ್‌ಓವರ್ ಹಾಕುವುದು ನಷ್ಟದ ಕೆಲಸ. ಆಟದಲ್ಲಿ ಹೆಚ್ಚಿನ ಚೆಂಡುಗಳಿಗೆ ಸೈಡ್ ಸ್ಟೆಪ್ಪೇ ಸಾಕು. ಕಲಿಯುವವರು ಅದನ್ನು ಗಟ್ಟಿ ಮಾಡಿಕೊಳ್ಳದೆ ಕ್ರಾಸ್‌ಓವರಿಗೆ ಹೋಗಬಾರದು.

ಎರಡನ್ನೂ ಒಟ್ಟಿಗೆ ಪರೀಕ್ಷಿಸಲು ಸ್ವೀಡನ್ನಿನ ಫಾಲ್ಕೆನ್‌ಬರ್ಗ್ ಊರಿನ ಹೆಸರಿನ ಡ್ರಿಲ್ ಒಳ್ಳೆಯದು. ಎಡ ಮೂಲೆಯಿಂದ ಬ್ಯಾಕ್‌ಹ್ಯಾಂಡ್, ಅಲ್ಲೇ ಸುತ್ತಿಬಂದು ಫೋರ್‌ಹ್ಯಾಂಡ್, ಮೂರನೆಯದು ಬಲ ಮೂಲೆಯಲ್ಲಿ ಫೋರ್‌ಹ್ಯಾಂಡ್. ಚೆಂಡು ಹಾಕುವವರಿಗೆ ಮೂರನೆಯದನ್ನು ಒಮ್ಮೆ ಟೇಬಲ್ ಮಧ್ಯಕ್ಕೆ, ಒಮ್ಮೆ ಬಲ ಅಂಚಿಗೆ, ಹೇಳದೇ ಬದಲಿಸಲು ಹೇಳಿ. ಮಧ್ಯಕ್ಕೆ ಬಂದದ್ದಕ್ಕೂ ಕಾಲು ದಾಟುತ್ತಿದ್ದರೆ ಕಣ್ಣು ಚೆಂಡನ್ನು ನೋಡುವ ಮೊದಲೇ ಕಾಲು ಹೊರಟಿದೆ ಎಂದರ್ಥ. ಆಗ ಚೆಂಡಿನ ವೇಗ ಇಳಿಸಿ ಮತ್ತೆ ಶುರು ಮಾಡಿ.